ಹಿತ್ತಲ ಗಿಡ ಮದ್ದಲ್ಲ ಅನ್ನೋರಿಗೆ

"ಒಬ್ಬ ಡಾಕ್ಟರು ಕ್ಲಿನಿಕ್ ಮುಚ್ಚಿದರೆ ಮುಚ್ಚಲಿ ಬಿಡಿ, ದೊಡ್ಡಾಸ್ಪತ್ರೆ ಬಂದಿದೆಯಲ್ಲ" ಅನ್ನೋ ಮಾತನ್ನ ನಮ್ಮ ಕಡೆ ಟೀ ಅಂಗಡಿಯಲ್ಲೂ ಕೇಳಿದ್ದೇನೆ, ನಾಲ್ಕಕ್ಷರ ಓದಿದವರ ಬಾಯಲ್ಲೂ ಕೇಳಿದ್ದೇನೆ. ಈ ಮಾತು ತಪ್ಪು. ಬರೀ ತಪ್ಪಾಗಿದ್ದರೆ ಸುಮ್ಮನಿರಬಹುದಿತ್ತು. ಇದು ನಮ್ಮ ಜೇಬಿಗೂ ಜೀವಕ್ಕೂ ಕೇಡು ತರೋ ಮಾತು. ಅದಕ್ಕೇ ಈ ಬರಹ.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರಲ್ಲ, ಡಾಕ್ಟರ ನೆಂಟನೂ ಅಲ್ಲ. ಪಾಲಕೋಡು ಸೀಮೆಯಲ್ಲಿ ಟೊಮೇಟೊ ಬೆಳೆದು ಮಂಡಿಗೆ ಹಾಕೋನು. ಆದರೆ ಮಂಡಿಗೆ ಹೋಗೋನಿಗೆ ಒಂದು ಲೆಕ್ಕ ಚೆನ್ನಾಗಿ ಗೊತ್ತಿರ್ತದೆ. ಹತ್ತು ಜನ ಸಣ್ಣ ವ್ಯಾಪಾರಿಗಳು ಇರೋವರೆಗೆ ಬೆಲೆ ಕೇಳೋಕೆ ನಮಗೆ ಹತ್ತು ಬಾಗಿಲು. ಅವರೆಲ್ಲ ಎದ್ದು ಹೋಗಿ ಒಬ್ಬನೇ ದೊಡ್ಡವನು ಉಳಿದ ದಿನ, ಅವನು ಹೇಳಿದ್ದೇ ಬೆಲೆ. ಟೊಮೇಟೊ ಆದರೆ ರಸ್ತೆಗೆ ಸುರಿದು ಮನೆಗೆ ಬರಬಹುದು. ಮಗೂಗೆ ಜ್ವರ ಬಂದಾಗ ಏನನ್ನ ಸುರೀತೀರಿ?

ನಾನು ಯಾವ ಡಾಕ್ಟರ ಮಾತಾಡ್ತಿದೀನಿ ಅಂತ ನಿಮಗೆಲ್ಲ ಗೊತ್ತು. ಬಸ್ ಸ್ಟ್ಯಾಂಡ್ ಹತ್ತಿರ ಒಂದು ರೂಮು, ಮುಂದೆ ಎರಡು ಬೆಂಚು, ಒಳಗೆ ಒಂದು ಪರದೆ, ಅದರ ಹಿಂದೆ ಒಂದು ಮಂಚ. ಬೆಳಗ್ಗೆ ಎರಡು ಮೂರು ತಾಸು, ಸಂಜೆ ದೀಪ ಹತ್ತಿದ ಮೇಲೆ ಕಡೇ ಬಸ್ಸಿನವರೆಗೆ. ಪೆನ್ನಾಗರ, ಪಾಲಕೋಡು, ಮಾರಂಡಹಳ್ಳಿ, ಮೇಟೂರು, ಕೊಳತ್ತೂರು, ಯಾವ ಊರಿಗೆ ಹೋದರೂ ಇಂಥ ಒಂದೆರಡು ಬಾಗಿಲು ಇದ್ದೇ ಇರ್ತಿದ್ದವು. ಈಗ ಅವರಲ್ಲಿ ಎಷ್ಟೋ ಜನಕ್ಕೆ ವಯಸ್ಸಾಯಿತು. ಅವರ ಮಕ್ಕಳು ಡಾಕ್ಟರಾದರೂ ಆ ಬೆಂಚಿನ ಮುಂದೆ ಕೂರೋಕೆ ಬರಲ್ಲ. ಬೆಂಗಳೂರು, ಕೊಯಮತ್ತೂರು, ಸೇಲಂನ ಆಸ್ಪತ್ರೆಗಳಲ್ಲಿ ಸಂಬಳಕ್ಕೆ ಸೇರ್ತಾರೆ. ಅವರನ್ನ ಬೈದು ಪ್ರಯೋಜನವಿಲ್ಲ. ಹಾಗೆ ಸೇರೋ ಹಾಗೆ ಮಾಡಿದ್ದು ಯಾರು ಅಂತ ಕೇಳಬೇಕು.

ಇದು ನಮ್ಮೂರಿನ ಕಥೆ ಮಾತ್ರ ಅಂತ ತಿಳೀಬೇಡಿ. ಅಮೆರಿಕದ ವೈದ್ಯ ಸಂಘದವರೇ ಕೊಟ್ಟ ಲೆಕ್ಕ ನೋಡಿ: 2012ರಲ್ಲಿ ಅಲ್ಲಿನ 100 ಡಾಕ್ಟರಲ್ಲಿ ಸುಮಾರು 60 ಜನ ಡಾಕ್ಟರೇ ಒಡೆಯರಾಗಿದ್ದ ಕ್ಲಿನಿಕ್ಕುಗಳಲ್ಲಿ ಕೆಲಸ ಮಾಡ್ತಿದ್ದರು. 2022ಕ್ಕೆ ಅದು ಸುಮಾರು 47ಕ್ಕೆ ಇಳಿದಿತ್ತು. ಉಳಿದವರಲ್ಲಿ ಹೆಚ್ಚಿನವರು ಆಸ್ಪತ್ರೆ ಕಂಪನಿಗಳ, ಹಣ ಹೂಡೋ ಕಂಪನಿಗಳ ಕೆಳಗೆ. ಅಷ್ಟು ಹಣವಿರೋ ದೇಶದಲ್ಲೇ ಹತ್ತು ವರ್ಷಕ್ಕೆ ಹೀಗಾದರೆ ನಮ್ಮ ಒಂಟಿ ಡಾಕ್ಟರು ಎಷ್ಟು ದಿನ ತಡಕೊಂಡಾರು?

ನಮ್ಮ ದೇಶದ ಲೆಕ್ಕವೂ ಇದೆ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಹಳ್ಳಿಗಳಲ್ಲಿ ಹಾಸಿಗೆ ಹಿಡಿಯದ ಕಾಯಿಲೆಗೆ ಔಷಧಿ ಮಾಡಿಸಿಕೊಂಡ ನೂರರಲ್ಲಿ ಹೆಚ್ಚುಕಡಿಮೆ 40 ಸಲ ಜನ ಹೋದದ್ದು ಇಂಥ ಖಾಸಗಿ ಡಾಕ್ಟರ ಹತ್ತಿರ. ದೊಡ್ಡ ಖಾಸಗಿ ಆಸ್ಪತ್ರೆಗೆ ಹೋದದ್ದು ಅದರ ಅರ್ಧದಷ್ಟು. ಅಂದರೆ ನಾವು ಯಾರನ್ನ 'ಇದ್ದರೆಷ್ಟು ಹೋದರೆಷ್ಟು' ಅಂತೀವೋ ಅವರೇ ದಿನಾ ನಮ್ಮ ಭಾರ ಹೊರ್ತಿರೋದು. ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಮಾಡಿದ ಹಿರಿಯರು ನಮ್ಮನ್ನ ನೋಡೇ ಮಾಡಿರಬೇಕು.

ದೊಡ್ಡಾಸ್ಪತ್ರೆ ಬೇಡ ಅಂತ ನಾನು ಹೇಳೋದಿಲ್ಲ. ಎದೆ ಕುಯ್ಯೋಕೆ, ಮುರಿದ ತೊಡೆ ಜೋಡಿಸೋಕೆ ಅದು ಬೇಕೇ ಬೇಕು. ಸೇಲಂನಲ್ಲಿ ಮೋಹನ್ ಕುಮಾರಮಂಗಲಂ ಹೆಸರಿನ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಧರ್ಮಪುರಿಯಲ್ಲಿ 2008ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಅವು ನಮ್ಮ ಪುಣ್ಯ. ಆದರೆ ಕಾಲೇಜಿನ ಸಾಲಲ್ಲಿ ನಿಂತ ನಮ್ಮ ಅಜ್ಜಿಗೆ ಡಾಕ್ಟರ ಮುಂದೆ ಸಿಗೋ ಹೊತ್ತೆಷ್ಟು? "ತಲೆ ದಿಮ್ಮಂತದೆ, ಎದೆ ಡವಡವ ಅಂತದೆ, ಕಾಲು ಜೋಮು ಹಿಡೀತದೆ" ಅಂತ ಆಕೆ ಕನ್ನಡದಲ್ಲಿ ಹೇಳೋದನ್ನ ಅಲ್ಲಿ ಯಾರು ಬರಕೊಳ್ತಾರೆ? ಆಕೆಗೆ ಸಂತೆಯ ತಮಿಳು ಬರ್ತದೆ, ನೋವಿನ ತಮಿಳು ಬರಲ್ಲ. ನಮ್ಮೂರ ಡಾಕ್ಟರಿಗೆ ಕನ್ನಡ, ತಮಿಳು, ತೆಲುಗು ಮೂರೂ ಅರ್ಥವಾಗ್ತದೆ. ಆಕೆಯ ಗಂಡ ಏನಾಗಿ ಸತ್ತ, ಮಗಳಿಗೆ ಷುಗರ್ ಇದೆಯಾ, ಸೊಸೆ ಜೊತೆ ಮಾತಿದೆಯಾ, ಎಲ್ಲ ಗೊತ್ತಿರ್ತದೆ. ಆ ಗೊತ್ತಿರೋದೇ ಅರ್ಧ ಔಷಧಿ.

ಒಂದು ನಿಜ ಸಂಗತಿ ಹೇಳ್ತೀನಿ. ನಮ್ಮ ಪಕ್ಕದ ಮನೆ ಹೆಂಗಸಿಗೆ ಸೊಂಟ, ಮಂಡಿ ಬಿಗಿದು ಕೂರೋಕಾಗ್ತಿರಲಿಲ್ಲ. ಮಗ ಸಾಲ ಮಾಡಿ ನಗರದ ಒಂದು ದೊಡ್ಡ ಖಾಸಗಿ ಆಸ್ಪತ್ರೆಗೆ ಕರಕೊಂಡು ಹೋದ. ಸ್ಕ್ಯಾನು, ರಕ್ತ, ಮತ್ತೆ ಸ್ಕ್ಯಾನು. ಒಂದು ಆಡಿನ ಮಂದೆ ಮಾರಿದಷ್ಟು ದುಡ್ಡು ಕರಗಿತು. ವಾಪಸ್ ಬಂದು ಊರ ಡಾಕ್ಟರ ಹತ್ತಿರ ಹೋದರೆ ಅವರು ಕೇಳಿದ ಮೊದಲ ಮಾತು, "ಯಾವ ಬಾವಿ ನೀರು ಕುಡೀತೀಯಮ್ಮ?" ನಮ್ಮ ಧರ್ಮಪುರಿ ಜಿಲ್ಲೆ ನೆಲದ ನೀರಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಕಂದೋದು, ಮೂಳೆ ಬಿಗಿಯೋದು ಅದರಿಂದಲೇ. ಅದಕ್ಕಾಗಿಯೇ ಜಪಾನಿನ ಸಾಲ ತಂದು ಹೊಗೇನಕಲ್ ಕುಡಿಯೋ ನೀರಿನ ಯೋಜನೆ ಮಾಡಿ 2013ರಲ್ಲಿ ಶುರುಮಾಡಿದರು. ಊರಲ್ಲಿ ಬಾಳಿದ ಡಾಕ್ಟರಿಗೆ ಆ ಪ್ರಶ್ನೆ ನಾಲಿಗೆ ತುದಿಯಲ್ಲಿರ್ತದೆ. ಎಷ್ಟೇ ಬೆಲೆಯ ಯಂತ್ರ ತಂದರೂ ಅದು ಬಾವಿ ಯಾವುದು ಅಂತ ಕೇಳಲ್ಲ.

ಹಾಗಾದರೆ ಈ ಡಾಕ್ಟರಿಗೆ ಏಟು ಬಿದ್ದದ್ದು ಎಲ್ಲಿಂದ? ನನಗೆ ಕಂಡ ಹಾಗೆ ನಾಲ್ಕು ದಿಕ್ಕಿಂದ.

ಮೊದಲನೆಯದು ವಿಮೆ. ತಮಿಳುನಾಡಲ್ಲಿ 2009ರಲ್ಲಿ ಕಲೈಞರ್ ಹೆಸರಲ್ಲಿ, 2012ರಿಂದ ಮುಖ್ಯಮಂತ್ರಿಗಳ ವಿಮೆ ಅಂತ ಬಂತು. 2018ರಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಅದರ ಜೊತೆ ಸೇರಿತು. ಈಗ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಷ್ಟೋ ಬಡವರ ಜೀವ ಇದರಿಂದ ಉಳೀತು, ಇಲ್ಲ ಅನ್ನೋನು ಕೃತಘ್ನ. ಆದರೆ ಈ ಕಾರ್ಡು ಕೆಲಸ ಮಾಡೋದು ಹೆಚ್ಚಾಗಿ ಹಾಸಿಗೆಗೆ ಸೇರಿದರೆ, ಕುಯ್ದರೆ. ಊರ ಡಾಕ್ಟರು ಬಿಪಿ ಹಿಡಿತದಲ್ಲಿಟ್ಟು ಲಕ್ವ ಹೊಡೆಯದ ಹಾಗೆ ನೋಡಿಕೊಂಡರೆ ಅವರಿಗೆ ಆ ಕಾರ್ಡಿಂದ ಒಂದು ಕಾಸೂ ಇಲ್ಲ. ಲಕ್ವ ಹೊಡೆದ ಮೇಲೆ ಸೇರಿಸಿಕೊಂಡ ಆಸ್ಪತ್ರೆಗೆ ದುಡ್ಡು. ಬೆಂಕಿ ಹತ್ತದ ಹಾಗೆ ನೋಡಿಕೊಂಡವನಿಗೆ ಕೂಲಿ ಇಲ್ಲ, ಬೂದಿ ಬಾಚೋನಿಗೆ ಸಂಭಾವನೆ!

ಎರಡನೆಯದು ಸರ್ಕಾರದ್ದೇ ಒಳ್ಳೆ ಕೆಲಸ. 2021ರ ಆಗಸ್ಟ್ 5ರಂದು ನಮ್ಮ ಪಕ್ಕದ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲೇ 'ಮಕ್ಕಳೈ ತೇಡಿ ಮರುತ್ತುವಂ' ಶುರುವಾಯಿತು. ಬಿಪಿ, ಷುಗರ್ ಮಾತ್ರೆ ಮನೆ ಬಾಗಿಲಿಗೆ ಬರ್ತದೆ. ಬಹಳ ಒಳ್ಳೇದು. ಆದರೆ ಸಣ್ಣ ಡಾಕ್ಟರ ದಿನದ ಗಂಜಿ ಇದ್ದದ್ದೇ ಆ ತಿಂಗಳಿಗೊಂದು ಸಲ ಬರೋ ರೋಗಿಗಳಲ್ಲಿ. ಇದಕ್ಕೆ ಯೋಜನೆ ನಿಲ್ಲಿಸಿ ಅನ್ನೋದು ಹುಚ್ಚು. ಮಾತ್ರೆ ಸರ್ಕಾರದ್ದು ಇರಲಿ, ಮೂರು ತಿಂಗಳಿಗೊಮ್ಮೆ ಕೂರಿಸಿ ನೋಡೋ ಕೆಲಸಕ್ಕೆ ಊರ ಡಾಕ್ಟರನ್ನೂ ಸೇರಿಸಿಕೊಂಡು ತಲೆಗಿಷ್ಟು ಅಂತ ಕೊಡಿ ಅಂತ ಕೇಳೋದು ನ್ಯಾಯ.

ಮೂರನೆಯದು ಕಾಯ್ದೆ. ತಮಿಳುನಾಡಿನ ಕ್ಲಿನಿಕ್ ನಿಯಂತ್ರಣ ಕಾಯ್ದೆ 1997ರದು, ಅದಕ್ಕೆ ನಿಯಮ ಬಂದದ್ದು 2018ರಲ್ಲಿ. ನೋಂದಣಿ, ದಾಖಲೆ, ತಪಾಸಣೆ ಎಲ್ಲ ಬೇಕು. 2016ರ ನಿಯಮದ ಪ್ರಕಾರ ಸೂಜಿ, ರಕ್ತದ ಹತ್ತಿ ಬೇರೆ ಬೇರೆ ಬಣ್ಣದ ಚೀಲಕ್ಕೆ ಹಾಕಿ ಅದಕ್ಕೆ ಅಂತ ಇರೋ ಕಂಪನಿಗೆ ಕೊಡಬೇಕು. 1995ರಲ್ಲಿ ಸುಪ್ರೀಂ ಕೋರ್ಟು ಫೀಸು ತಗೊಳ್ಳೋ ಡಾಕ್ಟರು ಗ್ರಾಹಕ ಕಾಯ್ದೆ ಒಳಗೆ ಬರ್ತಾರೆ ಅಂದಿತು. ಇವೆಲ್ಲ ಬೇಕಾದ ಕಾಯ್ದೆಗಳೇ. ನಮ್ಮ ಸೇಲಂ, ಧರ್ಮಪುರಿಗೆ ಇದನ್ನ ಯಾರೂ ಹೇಳಿಕೊಡಬೇಕಾಗಿಲ್ಲ. ಹೆಣ್ಣು ಕೂಸನ್ನ ಕೊಲ್ತಾರೆ ಅಂತ 1992ರಲ್ಲಿ ತೊಟ್ಟಿಲು ಮಗು ಯೋಜನೆ ಶುರುಮಾಡಬೇಕಾಗಿ ಬಂದದ್ದು ಸೇಲಂನಲ್ಲಿ. ಗರ್ಭದಲ್ಲೇ ಹೆಣ್ಣೋ ಗಂಡೋ ಹೇಳೋದನ್ನ ತಡೆಯೋ ಕಾಯ್ದೆ 1994ರಲ್ಲಿ ಬಂದರೂ ಕದ್ದು ಸ್ಕ್ಯಾನ್ ಮಾಡೋರು, ಓದದೇ ಸೂಜಿ ಹಾಕೋರು ನಮ್ಮ ಕಡೆ ಆಗಾಗ ಸಿಕ್ಕಿಬೀಳ್ತಾನೇ ಇರ್ತಾರೆ. ಕಾಯ್ದೆ ಸಡಿಲ ಮಾಡಿ ಅಂದರೆ ಆ ಕಳ್ಳರಿಗೆ ಬಾಗಿಲು ತೆಗೆದ ಹಾಗೆ.

ನನ್ನ ತಕರಾರು ಅಳತೆಗೋಲಿನ ಮೇಲೆ. ನೂರು ಹಾಸಿಗೆಯ ಆಸ್ಪತ್ರೆಯಲ್ಲಿ ಕಾಗದ ಪತ್ರ ನೋಡೋಕೇ ನಾಲ್ಕು ಗುಮಾಸ್ತರಿರ್ತಾರೆ. ಒಂದು ರೂಮಿನ ಡಾಕ್ಟರಿಗೆ ಗುಮಾಸ್ತನೂ ಅವರೇ, ಕಸ ಕಳಿಸೋನೂ ಅವರೇ. ಆನೆಗೂ ಆಡಿಗೂ ಒಂದೇ ಹಗ್ಗ ಅಂದರೆ ಆನೆ ಕಿತ್ತುಕೊಂಡು ಹೋಗ್ತದೆ, ಆಡು ಉಸಿರು ಕಟ್ಟಿ ಸಾಯ್ತದೆ. ಸಣ್ಣ ಕ್ಲಿನಿಕ್ಕಿಗೆ ಒಂದೇ ಅರ್ಜಿ, ಒಂದೇ ಕಚೇರಿ, ಕಡಿಮೆ ಶುಲ್ಕ ಇರಲಿ. ಓದಿದ ಸರ್ಟಿಫಿಕೇಟು, ಚೊಕ್ಕ ಸೂಜಿ, ಸರಿಯಾದ ದಾಖಲೆ ಈ ಮೂರರಲ್ಲಿ ಮಾತ್ರ ಯಾರಿಗೂ ರಿಯಾಯಿತಿ ಬೇಡ.

ನಾಲ್ಕನೆಯದು ದಲ್ಲಾಳಿ. ಮಂಡಿಯಲ್ಲಿ ನಾವು ಕಮಿಷನ್ ಕೊಡ್ತೀವಿ, ಅದು ಚೀಟಿಯಲ್ಲಿ ಕಾಣ್ತದೆ. ಆಸ್ಪತ್ರೆಯ ಕಮಿಷನ್ ಯಾವ ಚೀಟಿಯಲ್ಲೂ ಕಾಣಲ್ಲ. ಉಚಿತ ಶಿಬಿರ ಅಂತ ಶಾಮಿಯಾನ ಹಾಕ್ತಾರೆ, ಕಣ್ಣು ನೋಡ್ತಾರೆ, ಬಿಪಿ ನೋಡ್ತಾರೆ, ಕೊನೆಗೆ ಕೈಗೆ ಒಂದು ಆಸ್ಪತ್ರೆ ಹೆಸರಿನ ಚೀಟಿ. ಎಲ್ಲ ಶಿಬಿರವೂ ಗಾಳ ಅಲ್ಲ. ಆದರೆ ಎರೆಹುಳು ಪುಕ್ಕಟೆ ಸಿಕ್ಕಿತು ಅಂತ ಹಿಗ್ಗೋ ಮೀನು ಒಂದು ಸಲ ಮೇಲೆ ನೋಡಬೇಕು.

ಇಲ್ಲಿ ಡಾಕ್ಟರುಗಳಿಗೂ ಎರಡು ಮಾತು ಹೇಳಬೇಕು, ಮುಲಾಜಿಲ್ಲದೆ. ರೋಗಿ ಕಳಿಸಿದ್ದಕ್ಕೆ ಕಮಿಷನ್ ಕೊಡೋದು, ತಗೊಳ್ಳೋದು ಎರಡೂ ತಪ್ಪು ಅಂತ 2002ರ ವೈದ್ಯಕೀಯ ಪರಿಷತ್ತಿನ ನಿಯಮದಲ್ಲೇ ಇದೆ. ಆದರೂ ಲ್ಯಾಬಿಂದ, ಸ್ಕ್ಯಾನಿಂದ ಕವರು ಬರೋದನ್ನ ಬೇಡ ಅನ್ನೋರು ಎಷ್ಟು ಜನ? ಸ್ವಾಮಿ, ನೀವು ಆ ಕವರು ತಗೊಂಡ ದಿನವೇ ನೀವು ಸ್ವತಂತ್ರ ಡಾಕ್ಟರಲ್ಲ, ದೊಡ್ಡಾಸ್ಪತ್ರೆಯ ಸಂಬಳವಿಲ್ಲದ ಆಳು. ಆಮೇಲೆ ದೊಡ್ಡಾಸ್ಪತ್ರೆ ನಮ್ಮನ್ನ ನುಂಗ್ತಿದೆ ಅಂತ ಅತ್ತರೆ ನಂಬೋರು ಯಾರು? ಹಾಗೇ ಬಂದವರಿಗೆಲ್ಲ ಸ್ಟೀರಾಯ್ಡ್ ಸೂಜಿ ಹಾಕಿ ಎರಡು ದಿನ ಓಡಾಡಿಸಿ ಹೆಸರು ಮಾಡೋದು. ನಿಮ್ಮ ಆಸ್ತಿ ಇರೋದು ಒಂದೇ, ಅದು ಊರಿನ ನಂಬಿಕೆ. ಅದನ್ನ ಮಾರಿಕೊಂಡರೆ ಬೆಂಚು ಮಾತ್ರ ಉಳೀತದೆ.

ಇನ್ನು ನಮ್ಮ ಸರದಿ. ನಾವೇನು ಕಡಿಮೆಯಾ? ಸೂಜಿ ಹಾಕದ ಡಾಕ್ಟರು ಡಾಕ್ಟರೇ ಅಲ್ಲ ಅಂತೀವಿ. ಸುಸ್ತು ಅಂದರೆ ಗ್ಲೂಕೋಸ್ ಬಾಟಲು ಹಾಕಿ ಅಂತ ಹಟ ಹಿಡೀತೀವಿ. "ಇದು ವೈರಸ್ ಜ್ವರ, ನೀರು ಗಂಜಿ ಕುಡಿ, ಮೂರು ದಿನಕ್ಕೆ ಇಳೀತದೆ" ಅಂತ ನಿಜ ಹೇಳಿದ ಡಾಕ್ಟರಿಗೆ ನೂರು ರೂಪಾಯಿ ಕೊಡೋಕೆ ಕೈ ಬರಲ್ಲ. ಬೇಡದ ಸೂಜಿ ಚುಚ್ಚಿದವನಿಗೆ ಐನೂರು ಎಣಿಸಿ ಕೊಡ್ತೀವಿ. ನಗರದ ಆಸ್ಪತ್ರೆಯಲ್ಲಿ ಕಾರು ನಿಲ್ಲಿಸೋಕೂ ದುಡ್ಡು ಕೊಟ್ಟು ಬಾಯಿ ಮುಚ್ಚಿಕೊಂಡು ಬರ್ತೀವಿ, ಊರ ಡಾಕ್ಟರ ಹತ್ತಿರ "ಮುಂದಿನ ಸಲ ಕೊಡ್ತೀನಿ ಸಾರ್" ಅಂತೀವಿ. ರಾತ್ರಿ ಹನ್ನೆರಡಕ್ಕೆ ಹಾವು ಕಚ್ಚಿದಾಗ ಮಾತ್ರ ಅವರ ಬಾಗಿಲು ನೆನಪಾಗ್ತದೆ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೂರು ಅಲೆಯೋ ಜನ ನಾವು.

ಮಂಡ್ಯದಲ್ಲಿ ಡಾ. ಶಂಕರೇಗೌಡರು ಐದು ರೂಪಾಯಿ ಡಾಕ್ಟರು ಅಂತಲೇ ಹೆಸರಾದವರು. ಚೆನ್ನೈನ ವ್ಯಾಸರಪಾಡಿಯಲ್ಲಿ ಡಾ. ತಿರುವೆಂಗಡಂ ಅವರೂ ಹಾಗೇ. 2020ರಲ್ಲಿ ಅವರು ತೀರಿಕೊಂಡಾಗ ಆ ಬಡಾವಣೆಯೇ ಅತ್ತಿತು. ಅಂಥವರಿಗೆ ಕೈ ಮುಗೀತೀನಿ. ಆದರೆ ಎಲ್ಲ ಡಾಕ್ಟರೂ ಐದು ರೂಪಾಯಿಗೆ ನೋಡಬೇಕು ಅಂತ ಬಯಸೋದು ಸೋಮಾರಿತನ. ಪುಣ್ಯಾತ್ಮರ ಮೇಲೆ ಊರಿನ ಆರೋಗ್ಯ ನಿಲ್ಲಿಸಿದರೆ ಆ ಪುಣ್ಯಾತ್ಮ ಹೋದ ದಿನ ಊರು ಬೀದಿಗೆ ಬೀಳ್ತದೆ. ಬಾಡಿಗೆ ಕಟ್ಟಿ, ಕಾಂಪೌಂಡರಿಗೆ ಸಂಬಳ ಕೊಟ್ಟು, ಮಕ್ಕಳ ಫೀಸು ಕಟ್ಟೋ ಸಾಮಾನ್ಯ ಮನುಷ್ಯ ಡಾಕ್ಟರೂ ಬದುಕೋ ಹಾಗಿರಬೇಕು.

ಕೆಲವರು ಕೇಳ್ತಾರೆ, ಎಲ್ಲ ಸರ್ಕಾರವೇ ನೋಡಿಕೊಳ್ಳಲಿ, ಈ ಖಾಸಗಿಯವರ ಪರ ವಕಾಲತ್ತು ಯಾಕೆ ಅಂತ. ಅವರಿಗೆ ಬ್ರಿಟನ್ ತೋರಿಸ್ತೀನಿ. ಅಲ್ಲಿ 1948ರಿಂದ ವೈದ್ಯ ಸೇವೆ ಸರ್ಕಾರದ್ದೇ, ರೋಗಿ ಡಾಕ್ಟರಿಗೆ ದುಡ್ಡು ಕೊಡಲ್ಲ. ಆದರೆ ಬಡಾವಣೆಯ ಕುಟುಂಬ ಡಾಕ್ಟರುಗಳಲ್ಲಿ ಹೆಚ್ಚಿನವರು ಸರ್ಕಾರಿ ನೌಕರರಾಗಲಿಲ್ಲ. ತಮ್ಮ ಕ್ಲಿನಿಕ್ಕಿಗೆ ತಾವೇ ಒಡೆಯರು. ತಮ್ಮಲ್ಲಿ ಹೆಸರು ಬರೆಸಿದ ಜನರ ತಲೆ ಎಣಿಸಿ ಸರ್ಕಾರ ದುಡ್ಡು ಕೊಡ್ತದೆ. ಕಾಯಿಲೆ ಬಿದ್ದರೂ ಬೀಳದಿದ್ದರೂ ದುಡ್ಡು ಬರೋದರಿಂದ ಜನ ಆರೋಗ್ಯವಾಗಿದ್ದರೇ ಡಾಕ್ಟರಿಗೂ ಲಾಭ. ಸರ್ಕಾರವೂ ಸಣ್ಣ ಡಾಕ್ಟರೂ ಒಂದೇ ಬಂಡಿಗೆ ಕಟ್ಟಿದ ಎರಡು ಎತ್ತಾಗಬಹುದು ಅನ್ನೋದಕ್ಕೆ ಇದೇ ಸಾಕ್ಷಿ.

ಅಷ್ಟು ದೂರ ಯಾಕೆ, ನಮ್ಮದೇ ಧರ್ಮಪುರಿ ಜಿಲ್ಲೆಯ ಹರೂರು ಕಡೆ ಸಿಟ್ಲಿಂಗಿ ಕಣಿವೆ ನೋಡಿ. 1993ರಲ್ಲಿ ಡಾ. ರೆಜಿ ಜಾರ್ಜ್ ಮತ್ತು ಡಾ. ಲಲಿತಾ ರೆಜಿ ಅನ್ನೋ ಗಂಡ ಹೆಂಡತಿ ಅಲ್ಲಿಗೆ ಬಂದರು. ಆಗ ಹತ್ತಿರದ ಆಸ್ಪತ್ರೆ 48 ಕಿಲೋಮೀಟರ್ ದೂರ. ಹುಟ್ಟಿದ ಸಾವಿರ ಕೂಸುಗಳಲ್ಲಿ 147 ಕೂಸು ವರ್ಷ ತುಂಬೋದರೊಳಗೆ ಸಾಯ್ತಿದ್ದವು. ಒಂದು ಗುಡಿಸಲಲ್ಲಿ ಕ್ಲಿನಿಕ್ ಶುರುಮಾಡಿದರು. ಅಲ್ಲಿನ ಹೆಣ್ಣುಮಕ್ಕಳಿಗೇ ದಾದಿ ಕೆಲಸ ಕಲಿಸಿದರು, ಊರೂರಿಗೂ ಆರೋಗ್ಯ ನೋಡೋ ಹೆಂಗಸರನ್ನ ತಯಾರು ಮಾಡಿದರು. ಆ ಸಾವಿನ ಸಂಖ್ಯೆ ಬಹಳ ಇಳಿಯಿತು, ಗುಡಿಸಲು ಆಸ್ಪತ್ರೆಯಾಯಿತು. ಅದು ಟ್ರಸ್ಟು, ಲಾಭಕ್ಕೆ ನಡೆಯೋದಲ್ಲ, ಹೊರಗಿನ ನೆರವೂ ಇದೆ. ಬಸ್ ಸ್ಟ್ಯಾಂಡಿನ ಕ್ಲಿನಿಕ್ಕಿಗೂ ಅದಕ್ಕೂ ವ್ಯತ್ಯಾಸ ಇದೆ, ಒಪ್ತೀನಿ. ಆದರೆ ಅವರು ಉಳಿದದ್ದು ಊರನ್ನ ಕೆಲಸಕ್ಕೆ ಸೇರಿಸಿಕೊಂಡಿದ್ದರಿಂದ. ಈ ಪಾಠ ಬಸ್ ಸ್ಟ್ಯಾಂಡಿಗೂ ಹೊಂದ್ತದೆ.

ಹಾಗಾದರೆ ಏನು ಮಾಡೋದು? ಬರೀ ಬೈದು ಮುಗಿಸಿದರೆ ಈ ಬರಹಕ್ಕೂ ಟೀ ಅಂಗಡಿ ಮಾತಿಗೂ ವ್ಯತ್ಯಾಸ ಇರಲ್ಲ.

ಡಾಕ್ಟರುಗಳು ಮೊದಲು ಒಂಟಿತನ ಬಿಡಬೇಕು. ಒಂದು ಪೇಟೆಯಲ್ಲಿ ಐದು ಡಾಕ್ಟರಿದ್ದರೆ ಐದೂ ಜನ ಸೇರಿ ಒಂದು ಲ್ಯಾಬು ಇಡಲಿ, ಬಂದ ಲಾಭ ಕದ್ದು ಹಂಚಿಕೊಳ್ಳೋ ಕಮಿಷನ್ ಆಗದೆ ಪರೀಕ್ಷೆಯ ಬೆಲೆ ಇಳಿಸಲಿ. ಕಸ ಒಯ್ಯೋ ಕಂಪನಿ ಜೊತೆ ಒಟ್ಟಿಗೆ ಮಾತಾಡಲಿ. ರಾತ್ರಿ ಪಾಳಿ ಹಂಚಿಕೊಳ್ಳಲಿ. ಸೋಮವಾರ ಒಬ್ಬರು, ಮಂಗಳವಾರ ಒಬ್ಬರು. ಆಗ ಒಬ್ಬರಿಗೂ ನಿದ್ದೆ ಕೆಡಲ್ಲ, ಊರಿಗೂ ಎಲ್ಲ ರಾತ್ರಿ ಒಂದು ಬಾಗಿಲು ತೆರೆದಿರ್ತದೆ. ಔಷಧಿ ಒಟ್ಟಿಗೆ ಕೊಂಡರೆ ಅಗ್ಗ. ತಮಿಳುನಾಡು ಸರ್ಕಾರ 1994ರಲ್ಲಿ ಔಷಧಿ ನಿಗಮ ಮಾಡಿ ಇಡೀ ರಾಜ್ಯಕ್ಕೆ ಒಟ್ಟಿಗೆ ಕೊಂಡು ಬೆಲೆ ಇಳಿಸಿದ ಉಪಾಯವೇ ಇದು. ಓದಿ ನೋಂದಾಯಿಸಿದ ಡಾಕ್ಟರು ಅಂಗಡಿ ತೆರೆಯದೆ ತನ್ನ ರೋಗಿಗೆ ಮಾತ್ರ ಔಷಧಿ ಕೊಡೋದಕ್ಕೆ ಔಷಧಿ ನಿಯಮದಲ್ಲೇ ಅವಕಾಶ ಇದೆ. ಹೊರಗೆ ಬರೆದುಕೊಟ್ಟರೆ ಔಷಧಿಯ ಮೂಲ ಹೆಸರು ಬರೆಯಲಿ, ಎಲ್ಲಿ ಅಗ್ಗವೋ ಅಲ್ಲಿ ಕೊಳ್ತೀವಿ. 2020ರ ಮಾರ್ಚಿಂದ ಫೋನಲ್ಲಿ ನೋಡೋದಕ್ಕೂ ಸರ್ಕಾರದ ನಿಯಮ ಇದೆ. ಎರಡನೇ ಸಲದ ಮಾತಿಗೆ ಮುದುಕರನ್ನ ಬಸ್ಸು ಹತ್ತಿಸೋದು ತಪ್ಪಲಿ. ಎಲ್ಲಕ್ಕಿಂತ ಮುಖ್ಯ, ಗೋಡೆ ಮೇಲೆ ಫೀಸು ಬರೆದು ಹಾಕಿ, ರಸೀದಿ ಕೊಡಿ. ಅಷ್ಟು ಮಾಡಿದ ಡಾಕ್ಟರ ಪರ ನಾನು ಯಾವ ಕಚೇರಿ ಮುಂದೆ ಬೇಕಾದರೂ ಬಂದು ಕೂರ್ತೀನಿ.

ಊರಿನವರು ಬ್ರಿಟನ್ನಿನ ಉಪಾಯವನ್ನ ಸಣ್ಣದಾಗಿ ಮಾಡಬಹುದು. ಐವತ್ತು ನೂರು ಮನೆ ಸೇರಿ ಡಾಕ್ಟರ ಜೊತೆ ಕೂತು, ಮನೆಗೆ ವರ್ಷಕ್ಕೆ ಇಷ್ಟು, ಅದಕ್ಕೆ ಬಿಪಿ, ಷುಗರ್, ಮಕ್ಕಳ ತೂಕ, ಮುದುಕರ ತಪಾಸಣೆ ಇಷ್ಟು ಸಲ ಅಂತ ಬಾಯಿಬಿಟ್ಟು ಮಾತಾಡಿಕೊಂಡು ಬರೆದಿಡೋದು. ಹಬ್ಬಕ್ಕೆ ಚೀಟಿ ಕಟ್ಟೋ ನಮಗೆ ಇದು ಹೊಸದಲ್ಲ. ಡಾಕ್ಟರಿಗೆ ತಿಂಗಳಿಗೆ ಇಷ್ಟು ಬರ್ತದೆ ಅನ್ನೋ ಧೈರ್ಯ ಬಂದರೆ ಬೇಡದ ಸೂಜಿಯ ಆಸೆ ತಾನಾಗಿ ಕಡಿಮೆಯಾಗ್ತದೆ.

ಮೇಷ್ಟ್ರುಗಳಿಗೆ ನನ್ನದೊಂದು ಕೋರಿಕೆ. ಕಾಯಿಲೆಯ ಬಗ್ಗೆ ಮನೆಯಲ್ಲಿ ತೀರ್ಮಾನ ಮಾಡೋದು ಈಗ ಓದೋ ಮಕ್ಕಳು, ಫೋನು ಅವರ ಕೈಯಲ್ಲಿದೆ. ಎಲ್ಲ ಜ್ವರಕ್ಕೂ ಸೂಜಿ ಬೇಡ, ಹಾವು ಕಚ್ಚಿದರೆ ಮಂತ್ರ ಬೇಡ 108ಕ್ಕೆ ಫೋನು ಮಾಡಬೇಕು, ಡಾಕ್ಟರು ಬರೆದ ಚೀಟಿ ಎಸೆಯದೆ ಒಂದು ನೋಟ್ ಬುಕ್ಕಿಗೆ ಅಂಟಿಸಬೇಕು, ಡಾಕ್ಟರ ನೋಂದಣಿ ಸಂಖ್ಯೆ ಬೋರ್ಡಲ್ಲಿ ಇದೆಯಾ ನೋಡಬೇಕು. ಇಷ್ಟು ಕಲಿಸಿದರೆ ನಕಲಿ ಡಾಕ್ಟರ ಅರ್ಧ ಅಂಗಡಿ ತಾನೇ ಮುಚ್ತದೆ, ನಿಜವಾದವರ ಬೆಂಚು ತುಂಬ್ತದೆ.

ಕೊನೆಯದು ಗ್ರಾಮ ಸಭೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ಈ ದಿನಗಳಲ್ಲಿ ಸಭೆ ಸೇರ್ತದೆ, ನಾವು ಸಹಿ ಹಾಕಿ ಟೀ ಕುಡಿದು ಬರ್ತೀವಿ. ಮುಂದಿನ ಸಭೆಯಲ್ಲಿ ಮೂರು ಠರಾವು ಮಾಡೋಣ. ಒಂದು, ಮುಖ್ಯಮಂತ್ರಿ ವಿಮೆಯಲ್ಲಿ ಹಾಸಿಗೆಗೆ ಸೇರದ ಕಾಯಿಲೆಗೂ, ನೋಂದಾಯಿಸಿದ ಊರ ಡಾಕ್ಟರಿಗೂ ಜಾಗ ಕೊಡಬೇಕು. ಎರಡು, ಒಂದು ರೂಮಿನ ಕ್ಲಿನಿಕ್ಕಿಗೆ ಅದರ ಅಳತೆಯ ನಿಯಮ ಬೇಕು. ಮೂರು, ಊರಲ್ಲಿ ಖಾಲಿ ಬಿದ್ದಿರೋ ಪಂಚಾಯಿತಿ ಕಟ್ಟಡವಿದ್ದರೆ ವಾರಕ್ಕೆ ಎರಡು ದಿನ ಬಂದು ನೋಡೋ ಡಾಕ್ಟರಿಗೆ ಕಡಿಮೆ ಬಾಡಿಗೆಗೆ ಕೊಡಬೇಕು. ಕಲೆಕ್ಟರಿಗೆ ಒಂದು ಊರಿನ ಕಾಗದ ಹೋದರೆ ಕಡತದಲ್ಲಿ ಮಲಗ್ತದೆ. ಪೆನ್ನಾಗರದಿಂದ ಮೇಟೂರಿನವರೆಗೆ ಐವತ್ತು ಊರಿನ ಕಾಗದ ಹೋದರೆ ಎದ್ದು ಕೂರ್ತದೆ.

ಠರಾವನ್ನ ಕನ್ನಡದಲ್ಲೂ ತಮಿಳಲ್ಲೂ ಬರೆಯೋ ಕೆಲಸ ಮೇಷ್ಟ್ರುಗಳು ವಹಿಸಿಕೊಂಡರೆ ಮನೆ ಮನೆಗೆ ಹೋಗಿ ಸಹಿ ಹಾಕಿಸೋ ಕೆಲಸ ನನ್ನದು. ಟೊಮೇಟೊ ಕಿತ್ತು ಮುಗಿದ ಮೇಲೆ ನನಗೆ ಹೊತ್ತಿರ್ತದೆ.